ಮಹಡಿ ಮೇಲಿನ ಪಾಳುಬುರುಜು

"ಬಾಗ್ಲು ತೆಗೀರಿ... ಒಳಗೆ ಯಾರಿಗೆ ಏನಾಯ್ತು?"

ಗಂಗಾಶ್ರೀ ಎರಡೂ ಕೈಯಿಂದ ಮಹಡಿ ಕೋಣೆಯ ಬಾಗಿಲು ಬಡಿದಳು. ಒಳಗಿನ ಕಿರುಚಾಟ ತಟ್ಟನೆ ನಿಂತಿತು.

ಅದು ಅಂತಿಂಥ ಕಿರುಚಾಟವಲ್ಲ. ಯಾರೋ ಯಾರದೋ ಕತ್ತು ಹಿಸುಕುತ್ತಿದ್ದಾರೆ, ಸಿಕ್ಕಿಬಿದ್ದವನು ಕೊನೆಯ ಉಸಿರಲ್ಲಿ ಶಾಪ ಹಾಕುತ್ತಿದ್ದಾನೆ... ಹಾಗಿತ್ತು.

ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಸಣ್ಣಗಿನ ಆಳು. ಹಣೆಯಿಂದ ಬೆವರು ಇಳಿಯುತ್ತಿತ್ತು. ಕೈಯಲ್ಲೊಂದು ಮೈಕು. ಮೈಕಿಗೆ ಕಾಲುಚೀಲ ತೊಡಿಸಿದ್ದ.

"ಎಂತ ಆಯ್ತು?" ಎಂದು ಅವನೇ ಕೇಳಿದ.

"ಅದನ್ನ ನಾನು ಕೇಳ್ಬೇಕು. ಕಿರುಚಿದ್ದು ಯಾರು?"

"ನಾನೇ."

"ಯಾಕೆ?"

"ಹಾಡ್ತಿದ್ದೆ."

ಗಂಗಾಶ್ರೀ ಅವನ ಭುಜದ ಮೇಲಿಂದ ಒಳಗೆ ಇಣುಕಿದಳು. ಒಂದು ಹಳೆ ಗಿಟಾರು, ಒಂದು ಕೀಬೋರ್ಡು, ಅಕ್ಕಪಕ್ಕ ಎರಡು ಟೇಪ್‌ರೆಕಾರ್ಡರು. ಸತ್ತವರಾರೂ ಕಾಣಲಿಲ್ಲ. ಅವಳಿಗೆ ಸಮಾಧಾನವಾಗಬೇಕಿತ್ತು, ಮೈಯೆಲ್ಲ ಉರಿಯಿತು.

"ಹಾಡ್ತಿದ್ರಾ? ಕೆಳಗೆ ನಮ್ಮ ಫೋನ್ ಬೂತಲ್ಲಿ ಸುಂಕಲಮ್ಮ ಮಗಳ ಹತ್ರ ಫೋನಲ್ಲಿ ಮಾತಾಡ್ತಿದ್ರು. ನಿಮ್ಮ ಹಾಡು ಕೇಳಿ ಆ ಹುಡುಗಿ ಹುಬ್ಬಳ್ಳಿಯಲ್ಲಿ ಅಳಾಕೆ ಶುರು ಮಾಡೈತೆ, ನಮ್ಮವ್ವನ್ನ ಯಾರೋ ಕೊಲ್ತಿದಾರೆ ಅಂತ."

"ಅಯ್ಯೋ... ಅಲ್ಲೀತನಕ ಕೇಳ್ತಾ?" ಎಂದ ಅವನು. ಅವನ ಮುಖದಲ್ಲಿ ಸಂಕಟ ಇತ್ತು, ನಿಜ. ಆದರೆ ಅದರ ಕೆಳಗೆ ಒಂದು ಸಣ್ಣ ಹೆಮ್ಮೆಯೂ ಇತ್ತು. ಅದನ್ನು ಗಂಗಾಶ್ರೀ ಕಂಡಳು. ಆ ಕ್ಷಣದಿಂದಲೇ ಅವನು ಅವಳಿಗೆ ತಲೆನೋವಾದ.

ಅದು ತೊಂಬತ್ತೈದನೇ ಇಸವಿ. ಶಿಕಾರಿಪುರದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಮಲ್ಲಿಕಾರ್ಜುನಪ್ಪನವರ ಮನೆ. ಮುಂದಿನ ಭಾಗದಲ್ಲಿ ಮಗಳು ಗಂಗಾಶ್ರೀಯ ಎಸ್‌ಟಿಡಿ ಬೂತು. ಬಿ.ಕಾಂ. ಮುಗಿಸಿದವಳು ಅಪ್ಪನ ಜವಳಿ ಅಂಗಡಿಯಲ್ಲಿ ಕೂರಲಾರೆ ಎಂದು ಹಟ ಹಿಡಿದು ತೆರೆದದ್ದು. ಬೂತಿನ ಮೇಲಿನ ಕೋಣೆಯನ್ನು ಅಪ್ಪ ಅವಳನ್ನು ಕೇಳದೆ ಬಾಡಿಗೆಗೆ ಕೊಟ್ಟಿದ್ದರು. ಹುಡುಗ ಸೊರಬದವನು, ಗುರುಪ್ರಕಾಶ್ ಅಂತ, ಪ್ರೈವೇಟ್ ಹೈಸ್ಕೂಲಿಗೆ ಹೊಸದಾಗಿ ಬಂದ ಡ್ರಾಯಿಂಗ್ ಮೇಷ್ಟ್ರು. ಬಹಳ ಮೌನಿ, ಅವನಿದ್ದಾನೆ ಅಂತಲೇ ಗೊತ್ತಾಗಲ್ಲ ಎಂದು ಅಪ್ಪ ಹೊಗಳಿದ್ದರು.

"ನಿಮ್ ಜೊತೆ ಹಾಡೋರು ಇನ್ನೂ ಯಾರಾದ್ರೂ ಬರೋರಿದಾರಾ? ಈಗ್ಲೇ ಹೇಳ್ಬಿಡ್ರಿ."

"ಯಾರೂ ಇಲ್ಲ. ಗಿಟಾರು, ಕೀಬೋರ್ಡು, ಡ್ರಮ್ಮು, ಕೂಗು... ಎಲ್ಲ ನಾನೊಬ್ನೇ. ಒಂದು ಟೇಪಲ್ಲಿ ನುಡಿಸೋದು, ಅದನ್ನ ಹಾಕ್ಕೊಂಡು ಇನ್ನೊಂದರಲ್ಲಿ ಅದರ ಮೇಲೆ ನುಡಿಸೋದು. ಬ್ಲ್ಯಾಕ್ ಮೆಟಲ್ ಅಂತ, ಹೊರದೇಶದ ಕೂಗೋ ಸಂಗೀತ. ನಡುವೆ ನಡುವೆ ಬರೀ ಕೀಬೋರ್ಡಲ್ಲಿ ಹಳೇ ಕೋಟೆ, ನೆಲಮಾಳಿಗೆ, ಮಂಜು... ಆ ಥರದ್ದು. ನನ್ನ ಬ್ಯಾಂಡಿನ ಹೆಸರು ಪಾಳುಬುರುಜು."

"ಒಬ್ರೇ ಇದ್ರೆ ಅದ್ಹೆಂಗ್ರಿ ಬ್ಯಾಂಡು?"

ಅವನು ಮೈಕಿನ ಕಾಲುಚೀಲ ಸರಿಮಾಡಿದ.

ಆಮೇಲೆ ಒಂದು ಒಪ್ಪಂದವಾಯಿತು. ಸಂಜೆ ಏಳರ ಮೇಲೆ ಫೋನಿನ ರೇಟು ಇಳಿಯುತ್ತದೆ, ಬೂತಿನಲ್ಲಿ ಜನ ಸಾಲುಗಟ್ಟುತ್ತಾರೆ. ಆದ್ದರಿಂದ ಕೂಗುವುದೆಲ್ಲ ಶಾಲೆ ಬಿಟ್ಟ ಮೇಲೆ, ಏಳಕ್ಕೆ ಮುಂಚೆ. ಕೂಗುವ ಮುನ್ನ ನೆಲಕ್ಕೆ ಕಾಲಿನಿಂದ ಕುಟ್ಟಿ ಎಚ್ಚರಿಸಬೇಕು.

ಅವನು ತಪ್ಪದೆ ಕುಟ್ಟುತ್ತಿದ್ದ. ಗಂಗಾಶ್ರೀ ಗಿರಾಕಿಗಳಿಗೆ "ಮೇಲೆ ಸ್ವಲ್ಪ ಗಲಾಟೆ ಆಗುತ್ತೆ, ಹೆದರ್ಬೇಡ್ರಿ" ಎಂದು ಹೇಳುತ್ತಿದ್ದಳು. ದಿನಾ ಹೇಳಿ ಹೇಳಿ ಅವಳಿಗೆ ಸಾಕಾಗಿಹೋಗಿತ್ತು.

ಒಂದು ಸಂಜೆ ಕೂಗಾಟ ಇರಲಿಲ್ಲ. ಕೀಬೋರ್ಡು ಮಾತ್ರ. ಯಾರೋ ತುಂಬ ವಯಸ್ಸಾದವರು ಮೆಟ್ಟಿಲು ಇಳಿಯುವ ಹಾಗೆ ಒಂದೊಂದೇ ಸ್ವರ ನಿಧಾನವಾಗಿ ಕೆಳಗೆ ಬರುತ್ತಿತ್ತು. ಗಂಗಾಶ್ರೀ ಬಿಲ್ಲು ಹರಿಯುವುದನ್ನು ಬಿಟ್ಟು ಕೂತಳು. ಇನ್ನೇನು ಕೊನೆಯ ಮೆಟ್ಟಿಲು ಎನ್ನುವಾಗ ಕರೆಂಟು ಹೋಯಿತು.

ಅವಳು ಕಾದಳು. ಕರೆಂಟು ಬರಲಿಲ್ಲ. ಅರ್ಧಕ್ಕೆ ನಿಂತ ಆ ರಾಗ ಗಂಟಲಲ್ಲಿ ಸಿಕ್ಕ ಮುಳ್ಳಿನಂತೆ ಕಾಡತೊಡಗಿತು. ಕೊನೆಗೆ ತಡೆಯಲಾಗದೆ ಮೆಟ್ಟಿಲು ಹತ್ತಿದಳು.

"ಮೇಷ್ಟ್ರೇ, ಅದು ಆಮೇಲೆ ಏನಾಗುತ್ತೆ?"

"ಯಾವುದು?"

"ಈಗ ನುಡಿಸ್ತಿದ್ರಲ್ಲ. ಕೊನೆಗೆ ಎಲ್ಲಿಗೆ ಹೋಗುತ್ತೆ ಅದು?"

ಗುರುಪ್ರಕಾಶ್ ಅವಳನ್ನು ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು, ಉಳಿದ ಸ್ವರಗಳನ್ನು ಮೆಲ್ಲಗೆ ಗುನುಗಿ ತೋರಿಸಿದ. ಅಷ್ಟೆಲ್ಲ ಕಿರುಚುವ ಗಂಟಲಲ್ಲಿ ಇಷ್ಟು ಮೆತ್ತಗಿನ ದನಿ ಇರುತ್ತದೆಂದು ಗಂಗಾಶ್ರೀ ಎಣಿಸಿರಲಿಲ್ಲ.

"ಇಷ್ಟು ಬರುತ್ತಲ್ಲ ನಿಮಗೆ... ಮತ್ಯಾಕೆ ಆ ಪರಿ ಕೂಗ್ತೀರಿ?"

"ಕೂಗಿದ ಮೇಲೇ ಇದು ಬರೋದು ಮಾರಾಯ್ರೆ."

ಅವಳಿಗೆ ಅರ್ಥವಾಗಲಿಲ್ಲ. ಆದರೆ ಅವತ್ತಿನಿಂದ ಅವನು ಕೆಳಗೂ ಬರತೊಡಗಿದ. ಹೊಸ ಹಾಡು ಮುಗಿದಾಗಲೆಲ್ಲ ಕ್ಯಾಸೆಟ್ ಹಿಡಿದು ಕೌಂಟರಿನ ಎದುರು ನಿಲ್ಲುತ್ತಿದ್ದ. ದಾವಣಗೆರೆಯಲ್ಲಿ ಚಿತ್ರಕಲೆ ಓದುವಾಗ ಹಾಸ್ಟೆಲಿನಲ್ಲಿ ಶಿಲ್ಲಾಂಗಿನ ಹುಡುಗನೊಬ್ಬ ಕೊಟ್ಟ ಕ್ಯಾಸೆಟ್ಟಿನಿಂದ ಈ ಹುಚ್ಚು ಹಿಡಿದಿತ್ತಂತೆ. ಜೆರಾಕ್ಸ್ ಮಾಡಿದ ಯಾವುದೋ ಪತ್ರಿಕೆಯ ಹಿಂದಿನ ಪುಟದಿಂದ ವಿಳಾಸ ಹುಡುಕಿ ಪೋಲೆಂಡ್, ಬ್ರೆಜಿಲ್, ಜರ್ಮನಿ ಎಂದು ಕಳಿಸುತ್ತಿದ್ದ. ಅಲ್ಲಿಂದ ಅಂಥವೇ ಕ್ಯಾಸೆಟ್ಟುಗಳು ಬರುತ್ತಿದ್ದವು. ಅವನ ಮೊದಲ ಕ್ಯಾಸೆಟ್ಟಿನ ಹೊದಿಕೆಯನ್ನು ಅವನೇ ಬರೆದಿದ್ದ. ಚಂದ್ರಗುತ್ತಿಯ ಬೆಟ್ಟ, ಕೋಟೆ, ಒಂದು ಕಾಗೆ, ಮೇಲೆ ಏನೋ ಸಿಕ್ಕುಸಿಕ್ಕಾದ ಗೀಟುಗಳು.

"ಇದೇನ್ರಿ, ಶುಂಠಿ ಬೇರಾ?"

"ಅದು ಬ್ಯಾಂಡಿನ ಹೆಸರು."

"ಓದಾಕೆ ಬರಲ್ಲ."

"ಓದೋಕೆ ಬರಬಾರದು. ಅದೇ ಚಂದ."

ಗಂಗಾಶ್ರೀ ಹಣೆ ಒತ್ತಿಕೊಂಡಳು. ಹೆಸರು ಓದಬಾರದು, ಮಾತು ತಿಳಿಯಬಾರದು, ಮಾಡಿದವನ ಮುಖ ಯಾರಿಗೂ ಗೊತ್ತಾಗಬಾರದು. ಇಷ್ಟೆಲ್ಲ ಬಚ್ಚಿಟ್ಟು ಊರೂರಿಗೆ ಯಾಕಾದರೂ ಕಳಿಸಬೇಕು ಈ ಮನುಷ್ಯ?

ಆದರೂ ಅವನು ಕೊಟ್ಟ ಕ್ಯಾಸೆಟ್ಟನ್ನು ಅವಳು ಪೂರ್ತಿ ಕೇಳಿದಳು. ಎಲ್ಲಿ ಗಿಟಾರು ಹೆಚ್ಚಾಯಿತು, ಎಲ್ಲಿ ಕೀಬೋರ್ಡು ಮುಳುಗಿತು ಎಂದು ಬೈದು ಹೇಳಿದಳು. ಅವನು ತಲೆ ತಗ್ಗಿಸಿ ಕೇಳಿ, ಮೇಲೆ ಹೋಗಿ ಸರಿಮಾಡಿದ. ಎರಡನೆಯ ಕ್ಯಾಸೆಟ್ ಹಾಗೆಯೇ ಆಯಿತು. ಅವ್ವ ಬಸವಣ್ಣೆಮ್ಮ "ಪಾಪ, ಕೂಗಿ ಕೂಗಿ ಹುಡುಗ ಸೊರಗೈತೆ" ಎಂದು ದಿನಾ ಸಂಜೆ ರೊಟ್ಟಿ, ಬದನೆಕಾಯಿ ಪಲ್ಯ ಕಳಿಸತೊಡಗಿದರು. ಕೊಂಡೊಯ್ಯುವವಳು ಗಂಗಾಶ್ರೀ. ಬಯ್ಯುತ್ತಾ ಹತ್ತುತ್ತಿದ್ದಳು, ಇಳಿಯುವಾಗ ತಡವಾಗುತ್ತಿತ್ತು.

*ಇದೇನಾಗ್ತಿದೆ ನನಗೆ?* ಅಂದುಕೊಂಡಳು ಒಂದು ದಿನ. *ಊರಲ್ಲಿ ಇಷ್ಟೊಂದು ಜನ ಗಂಡಸರಿರುವಾಗ, ಕಿರುಚುವವನೇ ಬೇಕಾಯಿತಾ?*

ತೊಂಬತ್ತೇಳರಲ್ಲಿ ಊರಿನವರ ತಾಳ್ಮೆ ಮುಗಿಯಿತು.

ಎದುರಿನ ಕಿರಾಣಿ ಅಂಗಡಿಯ ಹುಚ್ಚರಾಯಪ್ಪನವರು ನಾಲ್ಕಾರು ಹಿರಿಯರನ್ನು ಕರೆದುಕೊಂಡು ಬಂದರು. ಮೇಷ್ಟ್ರ ಕೋಣೆಯಲ್ಲಿ ಕಾಗೆಯ ಚಿತ್ರ ಇದೆ, ತಲೆಬುರುಡೆಯ ಚಿತ್ರ ಇದೆ, ಸಂಜೆಯಾದರೆ ಮಾಟದ ಮಂತ್ರ ಕೇಳುತ್ತದೆ, ಇಂಥವನನ್ನು ಮಕ್ಕಳಿಗೆ ಪಾಠ ಹೇಳಲು ಬಿಡುವುದು ಹೇಗೆ ಎಂಬುದು ಅವರ ದೂರು. ಶಾಲೆಯ ಕಮಿಟಿಗೂ ಹೇಳುತ್ತೇವೆ ಎಂದರು. ಮಲ್ಲಿಕಾರ್ಜುನಪ್ಪ ಮುಖ ಒರೆಸಿಕೊಳ್ಳುತ್ತಾ ನಿಂತರು. ಗುರುಪ್ರಕಾಶ್ ಬಾಗಿಲ ಬಳಿ ಬಿಳಿಚಿಕೊಂಡು ನಿಂತಿದ್ದ, ಒಂದು ಮಾತೂ ಆಡಲಿಲ್ಲ.

ಅವನ ಮೌನ ನೋಡಿ ಗಂಗಾಶ್ರೀಗೆ ರೇಗಿತು.

"ಅದು ಮಾಟ ಅಲ್ಲ ಕಾಕಾ, ಹಾಡು. ಎರಡು ವರ್ಷದಿಂದ ಕೇಳ್ತಿದೀನಿ ನಾನು. ಮಾಟ ಆಗಿದ್ರೆ ಮೊದಲು ನಂಗೆ ತಟ್ಟಬೇಕಿತ್ತು."

"ನಿಂಗೆ ತಟ್ಟೈತೆ ಅಂತಾನೇ ಜನ ಮಾತಾಡೋದು ತಂಗಿ," ಎಂದರು ಹುಚ್ಚರಾಯಪ್ಪ.

ಅಪ್ಪನ ಮುಖ ಕಪ್ಪಿಟ್ಟಿತು. ಆದರೂ ಗಂಗಾಶ್ರೀ ಹಿಂದೆ ಸರಿಯಲಿಲ್ಲ.

"ಮೇಷ್ಟ್ರೇ, ಆ ಕಾವಲುಗಾರನ ಹಾಡು ಹೇಳ್ರಿ. ಕೂಗ್ಬೇಡ್ರಿ. ಸುಮ್ನೆ ಓದ್ರಿ."

ಅವನು ನೆಲ ನೋಡುತ್ತಾ ಹೇಳಿದ:

"ರಾಜ ಹೋದ, ದಂಡು ಹೋಯಿತು, ಬುರುಜಿನ ದೀಪ ಆರಿತು.
ನನಗೆ ಮಾತ್ರ ಯಾರೂ ಹೇಳಲಿಲ್ಲ, ಕಾವಲು ಮುಗಿಯಿತೆಂದು."

ಹಿರಿಯರು ಮುಖ ಮುಖ ನೋಡಿಕೊಂಡರು.

"ಇಷ್ಟು ಚಂದ ಐತಲ್ಲೋ ತಮ್ಮಾ," ಎಂದರು ಹುಚ್ಚರಾಯಪ್ಪ, ನಿಜವಾಗಿಯೂ ನೊಂದುಕೊಂಡವರ ಹಾಗೆ. "ಹಿಂಗೇ ಹೇಳಾಕೆ ಏನು ದಾಡಿ ನಿಂಗೆ?"

ದೂರು ಅಲ್ಲಿಗೆ ಮುಗಿಯಿತು. ಆದರೆ ಊರ ಬಾಯಿಗೆ ಗಂಗಾಶ್ರೀಯ ಹೆಸರು ಬಿತ್ತು. ಅವ್ವ ಎರಡು ದಿನ ಅವಳೊಂದಿಗೆ ಮಾತು ಬಿಟ್ಟರು. ಅವನು ಮೆಟ್ಟಿಲ ಮೇಲೆ ಎದುರಾದಾಗ ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿದ. *ಹೇಳ್ತಾನೆ, ಇಂದಲ್ಲ ನಾಳೆ ಹೇಳ್ತಾನೆ...* ಅಂದುಕೊಂಡು ಅವಳು ಕಾದಳು.

ಮುಂದಿನ ವಾರ ಬೂತಿಗೆ, ಅವನು ಕ್ಯಾಸೆಟ್ಟಿನ ಜೊತೆ ಬರೆದು ಕಳಿಸಿದ್ದ ನಂಬರಿಗೆ, ಜರ್ಮನಿಯಿಂದ ಫೋನು ಬಂತು. ಅಲ್ಲಿಯ ಯಾವುದೋ ಸಣ್ಣ ಪತ್ರಿಕೆಯವನು, ಪಾಳುಬುರುಜಿನ ಸಂದರ್ಶನ ಬೇಕಂತೆ. ಗಂಗಾಶ್ರೀ ಮೇಲೆ ಓಡಿಹೋಗಿ ಕರೆದಳು. ಗುರುಪ್ರಕಾಶ್ ಚಪ್ಪಲಿಯನ್ನೂ ಹಾಕದೆ ಇಳಿದು ಬಂದ. ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಅವಳು ಕೌಂಟರಿನಲ್ಲೇ ಕೂತಿದ್ದಳು. ಅವನ ಇಂಗ್ಲಿಷು ತಡವರಿಸುವ ಇಂಗ್ಲಿಷು, ಒಂದೊಂದು ಪದವೂ ಅವಳಿಗೆ ಅರ್ಥವಾಗುತ್ತಿತ್ತು.

ಆ ಕಡೆಯವನು ಏನೋ ಕೇಳಿದ. ಗುರುಪ್ರಕಾಶ್ ಒಮ್ಮೆ ಗಾಜಿನ ಆಚೆಯಿಂದ ಅವಳನ್ನು ನೋಡಿದ. ತಕ್ಷಣ ಬೆನ್ನು ತಿರುಗಿಸಿದ.

"ಇಲ್ಲ," ಎಂದ. "ಯಾರೂ ಇಲ್ಲ. ನಾನು ಒಬ್ಬನೇ ಇರುವುದು. ಪಾಳು ಕೋಟೆಯ ಹತ್ತಿರ. ಇಲ್ಲಿ ನನ್ನ ಸಂಗೀತ ಕೇಳುವವರು ಒಬ್ಬರೂ ಇಲ್ಲ. ನಾನು ಯಾರಿಗೂ ಗೊತ್ತಿಲ್ಲ."

ಗಂಗಾಶ್ರೀಯ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು.

*ಒಬ್ಬರೂ ಇಲ್ಲವಾ?*

ಎರಡು ವರ್ಷ ದಿನಾ ಸಂಜೆ ಕೇಳಿದವಳು. ಊರೆದುರು ನಿಂತು ಅವನಿಗಾಗಿ ಮಾತು ಕೇಳಿಸಿಕೊಂಡವಳು. ನೋಡಲು ಬರಬೇಕಿದ್ದ ಗಂಡಿನ ಕಡೆಯವರೊಬ್ಬರು ಊರ ಮಾತು ಕೇಳಿ ಹಿಂದೆ ಸರಿದರೂ ಸುಮ್ಮನಿದ್ದವಳು. ಅವಳು ಯಾರೂ ಅಲ್ಲ.

ಅವನು ಹೊರಬಂದ. ಮುಖ ಅರಳಿತ್ತು. "ಒಂದು ಪುಟ ಪೂರ್ತಿ ಹಾಕ್ತಾರಂತೆ..."

"ಒಳ್ಳೇದಾಯ್ತು," ಎಂದಳು. "ಬಾಗ್ಲು ಮುಚ್ಚಿ ಹೋಗ್ರಿ. ಗಿರಾಕಿ ಬರೋ ಹೊತ್ತು."

ಮರುದಿನದಿಂದ ರೊಟ್ಟಿಯನ್ನು ಅವ್ವನೇ ಕೊಂಡೊಯ್ಯಬೇಕಾಯಿತು.

ಅವನು ಕೌಂಟರಿನ ಎದುರು ಬಂದು ನಿಂತ. "ಎಂತ ಆಯ್ತು ಹೇಳಿ."

"ಏನಿಲ್ಲ."

"ಏನೋ ಆಗಿದೆ."

"ಯಾರಿಗೂ ಏನೂ ಆಗಿಲ್ಲ ಮೇಷ್ಟ್ರೇ. ಇಲ್ಲಿ ಯಾರಿದಾರೆ ಆಗಾಕೆ?"

ಅವನಿಗೆ ಹೊಳೆಯಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು. ಅಷ್ಟರಲ್ಲಿ ಅಪ್ಪ ಶಿರಾಳಕೊಪ್ಪದ ಸಂಬಂಧವೊಂದನ್ನು ತಂದರು. ಗೊಬ್ಬರ, ಬಿತ್ತನೆ ಬೀಜದ ವ್ಯಾಪಾರಿ ನಾಗರಾಜ್. "ಬರ್ಲಿ, ನೋಡ್ಲಿ," ಎಂದಳು ಗಂಗಾಶ್ರೀ, ಮಹಡಿಗೆ ಕೇಳುವಷ್ಟು ಗಟ್ಟಿಯಾಗಿ.

ಕೇಳಿಸಿತು. ಗುರುಪ್ರಕಾಶ್ ತಿಂಗಳೊಳಗೆ ಸೊರಬದ ಒಂದು ಶಾಲೆಯಲ್ಲಿ ಕೆಲಸ ಹುಡುಕಿಕೊಂಡ. ಹೊರಡುವ ದಿನ ಗಿಟಾರಿಗೆ ಬೆಡ್‌ಶೀಟು ಸುತ್ತಿ ಹೆಗಲಿಗೆ ಹಾಕಿಕೊಂಡು ಬೂತಿನ ಮುಂದೆ ನಿಂತ.

"ಹೋಗಿಬರ್ತೀನಿ. ಒಳ್ಳೇ ಸಂಬಂಧ ಅಂತೆ. ಸಂತೋಷ."

*ಇಷ್ಟೇನಾ? ಕೇಳುವುದಿಲ್ಲವಾ? ತಡೆಯುವುದಿಲ್ಲವಾ? ಕೀಬೋರ್ಡಿನ ಎದುರು ಮಾತ್ರ ಗಂಟಲು ಬರುತ್ತದಾ ಈ ಮನುಷ್ಯನಿಗೆ?*

"ಬಸ್ಸು ಹೊರಡುತ್ತೆ," ಎಂದಳು.

ನಾಗರಾಜ್ ಬಂದ. ಒಳ್ಳೆಯವನೇ. ನಗುತ್ತಾ ಮಾತಾಡಿದ. ಮಂಡಕ್ಕಿ, ಮಿರ್ಚಿ ತಿಂದು, ಹೊರಡುವ ಮುಂಚೆ ಸಹಜವಾಗಿ ಹೇಳಿದ: "ಮದುವೆ ಆದ್ಮೇಲೆ ಈ ಬೂತು ಗೀತು ಯಾಕೆ? ಆರಾಮಾಗಿ ಮನೆಯಾಗೆ ಇರ್ಲಿ."

ಗಂಗಾಶ್ರೀ ಅಲ್ಲೇ, ಅವನೆದುರೇ, ಆಗುವುದಿಲ್ಲ ಎಂದಳು. ಅವನು ಬೇಜಾರು ಮಾಡಿಕೊಳ್ಳದೆ ಹೋದ. ಅವ್ವ ಮಾಡಿಕೊಂಡರು.

"ನಿಂಗೆ ಏನ್ ಬೇಕವ್ವಾ? ಅದನ್ನಾದ್ರೂ ಬಾಯಿಬಿಟ್ಟು ಹೇಳು."

ಮೇಲಿನ ಕೋಣೆ ಖಾಲಿ ಇತ್ತು. ಸಂಜೆ ಐದಾದರೆ ಸಾಕು, ಇಡೀ ಬಸ್‌ಸ್ಟ್ಯಾಂಡ್ ರಸ್ತೆಯ ಸದ್ದು ಕಿವಿಗೆ ಬರುತ್ತಿತ್ತು, ಆ ಒಂದು ಸದ್ದು ಬಿಟ್ಟು. ಗಿರಾಕಿಗಳು ನೆಮ್ಮದಿಯಾಗಿ ಮಾತಾಡುತ್ತಿದ್ದರು. ಅವಳಿಗೆ ಅವರ ನೆಮ್ಮದಿಯನ್ನು ಕಂಡರೂ ಸಿಟ್ಟು.

ವರ್ಷ ತಿರುಗಿತು. ತೊಂಬತ್ತೆಂಟರ ಒಂದು ಮಧ್ಯಾಹ್ನ ಮತ್ತೆ ಜರ್ಮನಿಯಿಂದ ಫೋನು. ಅದೇ ಮನುಷ್ಯ. ಈಗ ಸಂಗೀತದ ಕಂಪನಿ ಶುರುಮಾಡಿದ್ದಾನಂತೆ. ಸೊರಬದಿಂದ ಬಂದ ಮೂರನೆಯ ಕ್ಯಾಸೆಟ್ ಕೇಳಿದ್ದಾನೆ, ಅದನ್ನು ಸಿ.ಡಿ. ಮಾಡಬೇಕು, ಒಪ್ಪಿಗೆ ಬೇಗ ಬೇಕು. ಅವನಲ್ಲಿರುವುದು ಈ ನಂಬರು ಮಾತ್ರ.

"ಅವರು ಇಲ್ಲಿಲ್ಲ," ಎಂದಳು ಗಂಗಾಶ್ರೀ ಇಂಗ್ಲಿಷಿನಲ್ಲಿ.

"ಹೌದಾ, ಕೋಟೆಯಲ್ಲಿದ್ದಾರಾ? ಅವರು ಮನುಷ್ಯರ ನಡುವೆ ಇರುವುದಿಲ್ಲ ಅಲ್ಲವೇ? ನಮ್ಮ ಓದುಗರಿಗೆಲ್ಲ ಅದೇ ಬಹಳ ಹಿಡಿಸಿದ್ದು," ಎಂದ ಆ ಮನುಷ್ಯ, ಭಕ್ತಿಯಿಂದ.

ಒಂದು ವರ್ಷದಿಂದ ನುಂಗಿಕೊಂಡದ್ದೆಲ್ಲ ಗಂಗಾಶ್ರೀಯ ಬಾಯಿಗೆ ಬಂತು.

"ಯಾವ ಕೋಟೆ? ಅವರು ಡ್ರಾಯಿಂಗ್ ಮೇಷ್ಟ್ರು. ನಮ್ಮ ಮಹಡಿ ಮೇಲೆ ಬಾಡಿಗೆಗಿದ್ದರು. ದಿನಾ ನಮ್ಮ ಅವ್ವನ ಕೈಯ ರೊಟ್ಟಿ ತಿನ್ನುತ್ತಿದ್ದರು, ಬೆಣ್ಣೆ ಹೆಚ್ಚು ಕೇಳುತ್ತಿದ್ದರು. ಹಲ್ಲಿ ಕಂಡರೆ ಹೆದರುತ್ತಾರೆ. ಓಡಿಸಲು ನನ್ನನ್ನು ಕರೆಯುತ್ತಿದ್ದರು. ಅವರ ಸಂಗೀತ ಯಾರೂ ಕೇಳಿಲ್ಲ ಎಂದು ಬರೆದಿರಲ್ಲ, ಪ್ರತಿಯೊಂದನ್ನೂ ನಾನು ಕೇಳಿದ್ದೇನೆ. ಎರಡನೆಯ ಕ್ಯಾಸೆಟ್ಟಿನಲ್ಲಿ ಗಿಟಾರು ಕಡಿಮೆ ಮಾಡಿಸಿದವಳು ನಾನು."

ಆ ಕಡೆಯವನು "ಅವರು ನನಗೆ ಫೋನು ಮಾಡಲಿ" ಎಂದಷ್ಟೇ ಹೇಳಿ ಇಟ್ಟ.

ಸಿಟ್ಟು ಇಳಿಯಿತು. *ಏನು ಮಾಡಿಬಿಟ್ಟೆ ನಾನು? ಮೂರು ವರ್ಷ ಆ ಮನುಷ್ಯ ಗಂಟಲು ಹರಿದುಕೊಂಡದ್ದು ಇದಕ್ಕಾಗಿ. ಒಂದು ನಿಮಿಷದಲ್ಲಿ ಹಾಳು ಮಾಡಿದೆನಾ?*

ಸೊರಬದ ಶಾಲೆಗೆ ಫೋನು ಹಚ್ಚಿದಳು. ಲೈನು ಸತ್ತಿತ್ತು. ಬೂತಿಗೆ ಬೀಗ ಹಾಕಿ ಬಸ್ಸು ಹತ್ತಿದಳು.

ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತಿದ್ದವಳನ್ನು ಕಂಡು ಗುರುಪ್ರಕಾಶ್ ಕೈಯಲ್ಲಿದ್ದ ಡ್ರಾಯಿಂಗ್ ಹಾಳೆಗಳನ್ನು ಬೀಳಿಸಿದ. ಇಬ್ಬರೂ ಆರಿಸಿಕೊಂಡರು. ದಂಡಾವತಿ ಹೊಳೆಯ ಸೇತುವೆಯತನಕ ನಡೆದರು.

"ಮದುವೆಗೆ ಕರೆಯೋಕೆ ಬಂದ್ರಾ?" ಎಂದು ಅವನು ಕೇಳಿದ.

"ಯಾವ ಮದುವೆ? ಅದು ಹೋದ ವರ್ಷಾನೇ ಮುರೀತು. ಒಂದು ಸಲ ವಿಚಾರಿಸಿದ್ರೆ ಗೊತ್ತಾಗ್ತಿತ್ತು ನಿಮಗೆ."

ಅವನು ಸೇತುವೆಯ ಕಂಬಿ ಹಿಡಿದು ನಿಂತ. ಅವಳು ಎಲ್ಲವನ್ನೂ ಹೇಳಿದಳು. ಸಿ.ಡಿ. ಮಾಡುತ್ತಾರೆ ಅಂದದ್ದು, ತಾನು ಹೇಳಬಾರದ್ದನ್ನು ಹೇಳಿದ್ದು.

"ಹಲ್ಲಿ ವಿಷಯಾನೂ ಹೇಳಿದ್ರಾ?"

"ಹೇಳಿದೆ."

"ಬೆಣ್ಣೆದು?"

"ಅದೂ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಗಂಗಾಶ್ರೀಯ ಕಣ್ಣಲ್ಲಿ ನೀರು ತುಂಬಿತು. ಸಿಟ್ಟಿನದೋ ಪಶ್ಚಾತ್ತಾಪದ್ದೋ ಅವಳಿಗೇ ತಿಳಿಯಲಿಲ್ಲ.

"ತಪ್ಪಾಯ್ತು ನಂದು. ಆದ್ರೆ ನೀವು ಯಾಕ್ರಿ ಹಂಗಂದ್ರಿ? ನನ್ನ ಕಣ್ಣೆದುರಿಗೇ... ಯಾರೂ ಇಲ್ಲ, ಯಾರೂ ಕೇಳಲ್ಲ ಅಂತ. ನಾನು ಅಲ್ಲೇ ಕೂತಿದ್ನಲ್ರಿ. ಸುಳ್ಳು ಹೇಳಾಕೆ ಜರ್ಮನಿಯವನೇ ಬೇಕಿತ್ತಾ?"

ಗುರುಪ್ರಕಾಶ್ ಕೈ ತೆಗೆದ. ಈಗ ಅವನಿಗೆ ಹೊಳೆದಿತ್ತು. ಒಂದು ವರ್ಷ ತಡವಾಗಿ.

"ಅದಕ್ಕಾ...?"

"ಮತ್ಯಾತಕ್ಕೆ?"

"ನಿಮ್ಮ ಸಂಗೀತ ಯಾರಾದ್ರೂ ಕೇಳ್ತಾರಾ, ನಿಮ್ಮ ಹತ್ತಿರದೋರು ಯಾರು ಅಂತ ಕೇಳಿದ ಅವನು. ನೀವು ಎದುರಿಗೇ ಇದ್ರಿ. ನಿಮಗೇ ಇನ್ನೂ ಹೇಳದಿರೋ ಮಾತನ್ನ ಮೊದಲ ಸಲ ಅವನಿಗೆ ಹೇಳ್ಲಾ? ಅದೂ ಇಂಗ್ಲಿಷಲ್ಲಿ? ಬಾಯಿಗೆ ಬಂದದ್ದು ಅಂದ್ಬಿಟ್ಟೆ. ಆ ಸಂಗೀತದೋರೆಲ್ಲ ಹಾಗೇ ಅಂತಾರೆ, ನಾನು ಒಂಟಿ, ನಾನು ಒಂಟಿ ಅಂತ."

"ಆಮೇಲಾದ್ರೂ ನಂಗೆ ಹೇಳ್ಬೋದಿತ್ತಲ್ಲ?"

"ಹೇಳ್ಬೇಕಂತಾನೇ ಫೋನಿಟ್ಟು ಹೊರಗೆ ಬಂದೆ. ನೀವು ಬಾಗ್ಲು ಮುಚ್ಚಿ ಹೋಗ್ರಿ ಅಂದ್ರಿ."

ಗಂಗಾಶ್ರೀಗೆ ಅವನನ್ನು ಹೊಳೆಗೆ ತಳ್ಳಬೇಕೆನಿಸಿತು. ತಾನೂ ಹಾರಬೇಕೆನಿಸಿತು. ಇಬ್ಬರ ತಲೆಯಲ್ಲೂ ಬುದ್ಧಿ ಇದ್ದಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

"ಮೊದಲು ಅವನಿಗೆ ಫೋನು ಮಾಡ್ರಿ," ಎಂದಳು, ಕಣ್ಣೊರೆಸಿಕೊಂಡು.

ಸೊರಬದ ಬಸ್‌ಸ್ಟ್ಯಾಂಡಿನ ಬೂತಿಗೆ ಹೋದರು. ಅವಳು ಹೊರಗೇ ನಿಂತಳು. ಅವನು ಹೊರಬಂದಾಗ ಮುಖ ಪೆಚ್ಚಾಗಿತ್ತು.

"ಏನಂದ?"

"ಸಿ.ಡಿ. ಮಾಡ್ತೀನಿ ಅಂದ. ಆದ್ರೆ ಕೋಟೆ, ಒಂಟಿ... ಆ ಕತೆ ಹಾಗೇ ಇರ್ಬೇಕಂತೆ, ಜನಕ್ಕೆ ಅದೇ ಬೇಕಂತೆ. ಫೋನಲ್ಲಿ ಮಾತಾಡಿದೋಳು ಯಾರೋ ಹುಚ್ಚಿ, ಅವಳನ್ನ ನಾನು ಕಂಡೇ ಇಲ್ಲ ಅಂತ ಬರೆದುಕೊಡಿ ಅಂದ."

"ಮತ್ತೆ?"

"ಆಗಲ್ಲ ಅಂದೆ. ಹಾಗಾದ್ರೆ ಬೇಡ ಅಂದ."

"ಅಯ್ಯೋ ದೇವ್ರೇ... ಅನ್ಬೋದಿತ್ತಲ್ರಿ, ಹುಚ್ಚಿ ಅಂತ. ಎಷ್ಟು ವರ್ಷದ ಕಷ್ಟ ನಿಮ್ದು. ಒಂದು ಮಾತಿಗೆ ಏನು ಹೋಗ್ತಿತ್ತು?"

"ಒಂದು ಸಲ ಹಂಗೇ ಒಂದು ಮಾತು ಅಂದು ನೋಡಿದೀನಲ್ಲ," ಎಂದ ಗುರುಪ್ರಕಾಶ್. "ಏನು ಹೋಯ್ತು ಅಂತ ನಂಗೆ ಗೊತ್ತು."



ಆ ಕಂಪನಿ ಮತ್ತೆ ಫೋನು ಮಾಡಲೇ ಇಲ್ಲ. ಮುಂದಿನ ವರ್ಷದ ಕೊನೆಗೆ ಪೋರ್ಚುಗಲ್ಲಿನ ಒಬ್ಬ ಬಡ ಸಂಗೀತಪ್ರೇಮಿ ಅದೇ ಹಾಡುಗಳನ್ನು ಕ್ಯಾಸೆಟ್ಟಾಗಿಯೇ ಹೊರತಂದ. ಹಿಂಬದಿಯಲ್ಲಿ ಶಿಕಾರಿಪುರದ ವಿಳಾಸ ಇತ್ತು, ಕೇಳಿ ತಿದ್ದಿದವಳ ಹೆಸರೂ ಇತ್ತು. ಆದರೆ ಅವತ್ತು ಸಂಜೆ ಅವರಿಗೆ ಇದೊಂದೂ ಗೊತ್ತಿರಲಿಲ್ಲ. ಕೈಯಲ್ಲಿದ್ದದ್ದು ಹೋಯಿತು ಎಂಬುದಷ್ಟೇ ಗೊತ್ತಿತ್ತು.

ಶಿಕಾರಿಪುರದ ಬಸ್ಸು ಬಂತು. ಗಂಗಾಶ್ರೀ ಹತ್ತಿ ಕೂತಳು. ನೋಡಿದರೆ ಅವನೂ ಹತ್ತಿದ, ಡ್ರಾಯಿಂಗ್ ಹಾಳೆಗಳ ಸಮೇತ.

"ನೀವೆಲ್ಲಿಗೆ?"

"ನಿಮ್ಮಪ್ಪನ ಹತ್ರ ಮಾತಾಡ್ಬೇಕು."

"ಇವತ್ತೇನಾ?"

"ಈಗ ಧೈರ್ಯ ಇದೆ. ನಾಳೆ ಇರುತ್ತೋ ಇಲ್ವೋ."

ಅವಳು ಕಿಟಕಿಯತ್ತ ಸರಿದಳು. ಅವನು ಪಕ್ಕದಲ್ಲಿ ಕೂತ, ಮಕ್ಕಳ ಚಿತ್ರಗಳನ್ನು ತೊಡೆಯ ಮೇಲೆ ಇಟ್ಟುಕೊಂಡು.

"ನಾನು ಬೂತು ಮುಚ್ಚಲ್ಲ," ಎಂದಳು.

"ಯಾರು ಮುಚ್ಚಿ ಅಂದ್ರು? ನಾನು ಕೂಗೋದು ಬಿಡಲ್ಲ."

"ಗೊತ್ತು. ಅದೇ ನನ್ನ ಕರ್ಮ. ಅಪ್ಪಂಗೆ ಏನಂತ ಹೇಳ್ತೀರಿ?"

ಅವನು ಯೋಚಿಸಿದ. ಊರ ಹೊರಗಿನ ತಿರುವು ದಾಟುವ ತನಕ ಯೋಚಿಸಿದ.

"ನೀವೇ ಹೇಳ್ಕೊಡಿ."

"ಅದನ್ನೂ ನಾನೇ ಹೇಳ್ಕೊಡ್ಬೇಕಾ?" ಗಂಗಾಶ್ರೀ ನಿಟ್ಟುಸಿರು ಬಿಟ್ಟು ನೆಟ್ಟಗೆ ಕೂತಳು. ಅಪ್ಪನ ಹಾಗೆ ಹುಬ್ಬು ಗಂಟಿಕ್ಕಿದಳು. "ಸರಿ. ನಾನು ಅಪ್ಪ ಅಂದ್ಕೊಳ್ರಿ. ಏನಪ್ಪಾ ಮೇಷ್ಟ್ರೇ, ಊರಾಗೆ ಇಷ್ಟು ಹುಡುಗಿಯರಿರುವಾಗ ನನ್ನ ಮಗಳೇ ಯಾಕೆ ನಿಂಗೆ?"

ಗುರುಪ್ರಕಾಶ್ ಬಾಯಿ ತೆರೆದ, ಮುಚ್ಚಿದ. ಈ ಸಲ ಅವಳು ಕಾದಳು.

"ನಾನು ಎಂತ ನುಡಿಸಿದ್ರೂ," ಎಂದ ಅವನು ಕೊನೆಗೆ, ತೀರಾ ಮೆಲ್ಲಗೆ, "ಅವರು ಕೇಳಿ ಬೈಯೋ ತನಕ ಅದು ಮುಗಿದಿದೆ ಅಂತ ನಂಗೆ ಅನ್ಸೋದೇ ಇಲ್ಲ. ನಾನೂ ಹಾಗೇ ಅರ್ಧಕ್ಕೇ ಇದ್ದೀನಿ ಅನ್ಸುತ್ತೆ."

ಬಸ್ಸು ಯಾವುದೋ ಹಳ್ಳಿಯಲ್ಲಿ ನಿಂತು, ಯಾರನ್ನೋ ಇಳಿಸಿ, ಮತ್ತೆ ಹೊರಟಿತು. ಗಂಗಾಶ್ರೀ ಬಹಳ ಹೊತ್ತು ಕಿಟಕಿಯ ಆಚೆ ನೋಡುತ್ತಿದ್ದಳು.

"ಏನು, ಸರಿ ಇಲ್ವಾ?" ಎಂದು ಅವನು ಗಾಬರಿಯಿಂದ ಕೇಳಿದ.

"ಇದನ್ನ ಅಪ್ಪನ ಹತ್ರ ಹೇಳ್ಬೇಡ," ಎಂದಳು ಅವಳು, ಅವನ ಕಡೆ ತಿರುಗದೆ, ಮೊದಲ ಸಲ ಏಕವಚನದಲ್ಲಿ. "ಇದು ನನ್ನ ಹತ್ರಾನೇ ಇರ್ಲಿ. ಅಪ್ಪಂಗೆ ಬೇರೆ ಏನಾದ್ರೂ ಹೇಳು."

"ಬೇರೆ ಏನು ಹೇಳ್ಲಿ?"

"ಬಸ್ಸು ಶಿರಾಳಕೊಪ್ಪ ದಾಟ್ಲಿ... ಹೇಳ್ಕೊಡ್ತೀನಿ."